ಹೊಟ್ಟೆಗೆ ಹಾಕಿಕೊಳ್ಳುವುದು

ಕನ್ನಡಿಗರಾದ ನಾವು ಹೊಟ್ಟೆಗೆ ಒಪ್ಪಿಸಿರುವಷ್ಟು ಕೆಲಸವನ್ನು ಮತ್ತಾವ ಅಂಗಕ್ಕೂ ಒಪ್ಪಿಸಿಲ್ಲ. ಉಂಡದ್ದನ್ನು ಅರಗಿಸುವುದು ಅದರ ಕಸಬು, ಅದು ಸರಿಯೇ. ಆದರೆ ನೆರೆಯವನನ್ನು ಕಂಡು ಕರುಬಿದರೆ ಹೊಟ್ಟೆಕಿಚ್ಚು, ಸಂಕಟವಾದರೆ ಹೊಟ್ಟೆಯುರಿ, ಸಂಪಾದನೆಗೆ ಹೊರಟರೆ ಹೊಟ್ಟೆಪಾಡು. ಇಷ್ಟೂ ಸಾಲದೆಂದು ಇನ್ನೊಬ್ಬರ ತಪ್ಪನ್ನು ಮನ್ನಿಸುವ ಕೆಲಸವನ್ನೂ ನಾವು ಪಾಪ ಅದರ ಮೇಲೆಯೇ ಹೊರಿಸಿದ್ದೇವೆ: ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ನುಡಿಗಟ್ಟುಗಳ ಪಾಠ ಬಂದಾಗಲೆಲ್ಲ ಈ ಪಟ್ಟಿಯನ್ನು ಹುಡುಗರಿಗೆ ಬರೆಸುತ್ತ ಬಂದಿದ್ದೇನೆ. ಪಟ್ಟಿಯ ಕಡೆಯ ಮಾತಿನ ಅರ್ಥ ಬರೆಸಿದ ನನಗೇ ತಿಳಿದದ್ದು ಮಾತ್ರ, ನಮ್ಮ ಭಾವನವರ ಹೊಟ್ಟೆಯ ಮುಕ್ಕಾಲು ಪಾಲನ್ನು ವೈದ್ಯರು ತೆಗೆದುಹಾಕಿದ ಮೇಲೆ.

ಭಾವನವರು ತಿಪಟೂರಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಡ್ರಾಯಿಂಗ್ ಮೇಷ್ಟರಾಗಿದ್ದವರು. ಕಪ್ಪು ಹಲಗೆಯ ಮೇಲೆ ಕೈವಾರವಿಲ್ಲದೆ ಒಂದೇ ಬೀಸಿಗೆ ವೃತ್ತ ಬರೆಯುತ್ತಿದ್ದರು. ಅದು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂದು ಹುಡುಗರು ಹತ್ತಿರ ಹೋಗಿ ಹುಡುಕಿದರೂ ಗೊತ್ತಾಗುತ್ತಿರಲಿಲ್ಲವಂತೆ. ಅವರ ಕೈಗೆ ಎಷ್ಟು ಹೆಸರೋ ಅವರ ಊಟಕ್ಕೂ ಅಷ್ಟೇ ಹೆಸರು. ಬಹಳ ತಿನ್ನುವವರು ಎನ್ನುವುದಕ್ಕಿಂತ ಚೆನ್ನಾಗಿ ತಿನ್ನುವವರು ಎನ್ನಬೇಕು. ಮದುವೆಮನೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ಅವರ ಮುಖವನ್ನು ನೋಡಿದರೆ ಅಡಿಗೆಯವರಿಗೆ ಅರ್ಧ ಸಂಬಳ ಸಂದಂತಾಗುತ್ತಿತ್ತು. ಅವರ ಪಕ್ಕದ ಎಲೆಗಾಗಿ ನಮ್ಮ ಬಳಗದಲ್ಲಿ ಪೈಪೋಟಿಯೇ ಇತ್ತು. ಅವರು ತಿನ್ನುವುದನ್ನು ನೋಡುತ್ತಿದ್ದರೆ ಮಂದಾಗ್ನಿಯವರಿಗೂ ಹಸಿವಾಗುತ್ತಿತ್ತು.

2023ರ ದೀಪಾವಳಿಗೆ ನಾವೆಲ್ಲ ಅವರ ಮನೆಯಲ್ಲಿ ಸೇರಿದ್ದೆವು. ಆ ದಿನ ಭಾವನವರು ಒಂದು ಕಜ್ಜಾಯವನ್ನು ಮುರಿದು ಅರ್ಧವನ್ನು ಎಲೆಯಲ್ಲೇ ಬಿಟ್ಟರು. “ಯಾಕೋ ಈಚೆಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಹೋಗುತ್ತಯ್ಯ” ಎಂದರು. ನನಗೆ ಮಾತಿನ ಚಪಲ. “ಅರವತ್ತೇಳು ವರ್ಷ ದುಡಿದ ಹೊಟ್ಟೆ ಭಾವ! ನಿಮಗೆ ಪೆನ್ಷನ್ ಬಂದು ಏಳು ವರ್ಷವಾಯಿತು, ಪಾಪ ಅದಕ್ಕೂ ಬೇಡವೆ?” ಎಂದೆ. ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಊಟವಾದ ಮೇಲೆ ಅಕ್ಕ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದು, “ನೀನೊಂದು ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಳ್ಳೆ ಡಾಕ್ಟರಿಗೆ ತೋರಿಸೋ” ಎಂದಳು. ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯಿತು, ಮೌಲ್ಯಮಾಪನ ಬಂತು. ಅದು ಮುಗಿಯಿತು, ಯಾವುದೋ ವಿಚಾರಸಂಕಿರಣ ಬಂತು. ಅದರಲ್ಲಿ ನಾನೇನು ವಿಚಾರ ಮಂಡಿಸಿದೆನೋ ಈಗ ನನಗೇ ನೆನಪಿಲ್ಲ. ಅತ್ತ ಭಾವನವರು ಊರಿನ ಔಷಧದಂಗಡಿಯಿಂದ ಗ್ಯಾಸಿನ ಮಾತ್ರೆ ತಂದು ನುಂಗುತ್ತ ದಿನ ಕಳೆದರು.

2024ರ ಮೇ ತಿಂಗಳಲ್ಲಿ ಅವರು ಬಚ್ಚಲುಮನೆಯಲ್ಲಿ ತಲೆ ಸುತ್ತಿ ಬಿದ್ದರು. ರಕ್ತ ಬಹಳ ಕಡಮೆಯಾಗಿತ್ತು. ಬೆಂಗಳೂರಿಗೆ ಕರೆತಂದು ತೋರಿಸಿದೆವು. ಬಾಯಿಯ ಮೂಲಕ ದೀಪವಿರುವ ಕೊಳವೆಯನ್ನು ಇಳಿಸಿ ನೋಡಿದರು. ಜಠರದ ಕೆಳಭಾಗದಲ್ಲಿ ಹುಣ್ಣಿತ್ತು. ಅದರ ಚೂರನ್ನು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಬಂದ ಕಾಗದದಲ್ಲಿ, ನಾವು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಆ ಪದವೇ ಇತ್ತು.

ಶಸ್ತ್ರವೈದ್ಯರು ಐವತ್ತರ ಆಸುಪಾಸಿನವರು, ಮಿತಭಾಷಿ. ಸ್ಕ್ಯಾನಿನಲ್ಲಿ ರೋಗ ದೂರಕ್ಕೆ ಹರಡಿದಂತೆ ಕಾಣುವುದಿಲ್ಲವೆಂದೂ, ಜಠರದ ಕೆಳಗಿನ ಮುಕ್ಕಾಲು ಪಾಲನ್ನೂ ಅದರ ಸುತ್ತಲ ರಕ್ತನಾಳಗಳ ಮೇಲೆ ಹಬ್ಬಿರುವ ದುಗ್ಧಗ್ರಂಥಿಗಳನ್ನೂ ತೆಗೆದು, ಉಳಿದ ಕಾಲು ಪಾಲನ್ನು ಸಣ್ಣಕರುಳಿಗೆ ಸೇರಿಸಿ ಹೊಲಿಯಬೇಕೆಂದೂ ಹೇಳಿದರು. ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುವುದು ಹಳೆಯ ಕ್ರಮ. ನಾಲ್ಕೈದು ಸಣ್ಣ ತೂತು ಕೊರೆದು ಲ್ಯಾಪರೋಸ್ಕೋಪಿನಿಂದ ಮಾಡುವುದು ಇನ್ನೊಂದು. ಆ ತೂತುಗಳಲ್ಲೇ ರೋಬೋಟಿನ ತೋಳುಗಳನ್ನು ಇಳಿಸಿ ಮಾಡುವುದು ಮೂರನೆಯದು. “ನಿಮ್ಮವರಿಗೆ ಎರಡನೆಯದೂ ಆಗುತ್ತದೆ, ಮೂರನೆಯದೂ ಆಗುತ್ತದೆ. ಯೋಚನೆ ಮಾಡಿ ಹೇಳಿ” ಎಂದರು. ಮೂರನೆಯದಕ್ಕೆ ಒಂದೂವರೆ ಲಕ್ಷ ರೂಪಾಯಿ ಹೆಚ್ಚಿಗೆ ಆಗುತ್ತದೆಂದು ಹೊರಗಿನ ಕೌಂಟರಿನಲ್ಲಿ ತಿಳಿಯಿತು.

ಆ ರಾತ್ರಿ ಅಮೆರಿಕದಲ್ಲಿರುವ ಅಳಿಯ ಫೋನು ಮಾಡಿದ. “ಮಾವ, ದುಡ್ಡಿನ ಯೋಚನೆ ಮಾಡಬೇಡಿ. ರೋಬೋಟೇ ಆಗಲಿ. ಅಪ್ಪನಿಗೆ ಅದಕ್ಕಿಂತ ಕಡಮೆಯದು ಬೇಡ.” ಮೂರು ವರ್ಷದಿಂದ ಊರಿಗೆ ಬರಲಾಗದಿದ್ದ ಹುಡುಗ ಅವನು. ಅವನ ದನಿಯಲ್ಲಿ ನನ್ನ ದನಿಯೇ ಕೇಳಿಸಿತು. ನಾನೂ ಸಂಜೆಯಿಂದ ಅದನ್ನೇ ಜಪಿಸುತ್ತಿದ್ದೆ: ರೋಬೋಟೇ ಆಗಲಿ.

ನಾನು ಕನ್ನಡದ ಮೇಷ್ಟರು. ಭಯವಾದಾಗ ಬೇರೆಯವರು ದೇವರ ಕೋಣೆಗೆ ಹೋಗುತ್ತಾರೆ. ನಾನು ನಿಘಂಟಿನ ಬಳಿಗೆ ಹೋಗುತ್ತೇನೆ. ರೋಬೋಟ್ ಎಂಬ ಪದ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ನಾಟಕದಲ್ಲಿ. ಚೆಕ್ ಭಾಷೆಯ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಲ್ಲಿ ಮನುಷ್ಯರ ಕೆಲಸ ಮಾಡಲು ತಯಾರಿಸಿದ ಆಳುಗಳಿಗೆ ಆ ಹೆಸರಿಟ್ಟ. ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯಬೇಕಾಗಿದ್ದ ಜೀತಕ್ಕೆ ಆ ಭಾಷೆಯಲ್ಲಿ ‘ರೋಬೋತಾ’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಸರಿಯಾದ ಮಾತಿದೆ: ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ‘ಬಿಟ್ಟಿ’. ನಮ್ಮ ಶಾಸನಗಳಲ್ಲಿ ಪ್ರಜೆಗಳ ಮೇಲೆ ಬೀಳುತ್ತಿದ್ದ ಭಾರಗಳ ಸಾಲಿನಲ್ಲಿ ಬಿಟ್ಟಿಯೂ ಇದೆ. ಹಾಗಾದರೆ ರೋಬೋಟನ್ನು ‘ಬಿಟ್ಟಿಯಾಳು’ ಎಂದು ಕರೆಯಬಹುದು. ಒಂದೂವರೆ ಲಕ್ಷ ಹೆಚ್ಚಿಗೆ ಕೇಳುವ ಬಿಟ್ಟಿಯಾಳು! ಇದನ್ನು ಭಾವನವರಿಗೆ ಹೇಳಿದರೆ ಮೆಚ್ಚುತ್ತಾರೆ ಎಂದುಕೊಂಡೆ. ಮರುಕ್ಷಣ, ಮತ್ತೆ ಅದೇ ಚಪಲವೆ ಎಂದು ನಾಚಿಕೆಯಾಯಿತು.

ಮುಂದಿನ ನಾಲ್ಕು ದಿನ ನಾನು ಓದಿದ್ದು ಹೊಟ್ಟೆಯ ಇತಿಹಾಸವನ್ನೇ. ಜಠರದ ಭಾಗವನ್ನು ಕತ್ತರಿಸಿ ತೆಗೆದು ಮನುಷ್ಯನನ್ನು ಉಳಿಸಿಕೊಳ್ಳಲು ಪ್ಯಾರಿಸಿನ ಪೇಆಂ 1879ರಲ್ಲಿ ಪ್ರಯತ್ನಿಸಿದ, ಪೋಲಿಷ್ ವೈದ್ಯ ರಿಡಿಗಿಯರ್ 1880ರಲ್ಲಿ ಪ್ರಯತ್ನಿಸಿದ. ಇಬ್ಬರ ರೋಗಿಗಳೂ ಉಳಿಯಲಿಲ್ಲ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋಟ್ 43 ವರ್ಷದ ಹೆಂಗಸೊಬ್ಬಳಿಗೆ ಆ ಚಿಕಿತ್ಸೆ ಮಾಡಿದ. ಆಕೆ ಎದ್ದು ಮನೆಗೆ ಹೋದಳು. ಆದರೆ ನಾಲ್ಕು ತಿಂಗಳೊಳಗೆ, ಆಗಲೇ ಹರಡಿದ್ದ ರೋಗದಿಂದ ತೀರಿಕೊಂಡಳು. ಕೈ ಗೆದ್ದಿತ್ತು, ಕಾಲ ಗೆಲ್ಲಲಿಲ್ಲ. ಈ ಬಿಲ್‌ರೋಟ್ ಸಂಗೀತಗಾರನೂ ಹೌದು. ಬ್ರಾಮ್ಸ್ ಅವನ ಸ್ನೇಹಿತ, ತನ್ನ ಎರಡು ಕೃತಿಗಳನ್ನು ಅವನಿಗೆ ಅರ್ಪಿಸಿದ್ದಾನೆ. ತಂತಿಯ ಮೇಲೆ ಆಡಿದ ಬೆರಳೇ ಕರುಳನ್ನೂ ಹೊಲಿಯಿತು ಎಂದು ಓದಿದಾಗ, ಭಾವನವರ ವೃತ್ತ ಏಕೋ ನೆನಪಾಯಿತು.

ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಹೊಟ್ಟೆ ಸೀಳದೆ ಗತಿಯಿರಲಿಲ್ಲ. 1991ರಲ್ಲಿ ಜಪಾನಿನ ಕಿಟಾನೊ ಎಂಬ ವೈದ್ಯರು ಜಠರದ ಕ್ಯಾನ್ಸರಿಗೆ ಮೊದಲ ಬಾರಿ ಲ್ಯಾಪರೋಸ್ಕೋಪ್ ಬಳಸಿದರು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಡೇರೆಯಂತೆ ಉಬ್ಬಿಸಿ, ಒಂದು ತೂತಿನಲ್ಲಿ ಕ್ಯಾಮೆರಾ, ಮಿಕ್ಕವುಗಳಲ್ಲಿ ಉದ್ದನೆಯ ಕಡ್ಡಿಯಂಥ ಉಪಕರಣಗಳನ್ನು ಇಳಿಸುತ್ತಾರೆ. ವೈದ್ಯರು ನಿಂತುಕೊಂಡು ಪರದೆಯನ್ನು ನೋಡುತ್ತ ಕೆಲಸ ಮಾಡುತ್ತಾರೆ. ಇದರ ಕಷ್ಟವೇನೆಂಬುದು ಬಾವಿಯ ಏತವನ್ನು ನೋಡಿದವರಿಗೆ ಥಟ್ಟನೆ ತಿಳಿಯುತ್ತದೆ. ಏತದ ಈ ತುದಿ ಕೆಳಗಿಳಿದರೆ ಆ ತುದಿ ಮೇಲೇಳುತ್ತದೆ. ಹಾಗೆಯೇ ತೂತಿನ ಬಾಯಿಯ ಮೇಲೆ ತಿರುಗುವ ಕಡ್ಡಿಯನ್ನು ಕೈ ಬಲಕ್ಕೆ ಸರಿಸಿದರೆ ಒಳಗಿನ ಮೊನೆ ಎಡಕ್ಕೆ ಸರಿಯುತ್ತದೆ. ಕಡ್ಡಿಯ ತುದಿಗೆ ಮಣಿಕಟ್ಟಿಲ್ಲ. ಈ ತಿರುಗುಮುರುಗನ್ನು ಕೈಗೆ ಒಗ್ಗಿಸಿಕೊಳ್ಳುವುದಕ್ಕೆ ವರ್ಷಗಳೇ ಬೇಕು.

ರೋಬೋಟ್ ಈ ತೊಡಕನ್ನು ಬಿಡಿಸುತ್ತದೆ. ಈ ಯಂತ್ರಗಳಲ್ಲಿ ಹೆಸರಾದದ್ದು ಡಾ ವಿಂಚಿ. ಅಮೆರಿಕದ ಸರ್ಕಾರ 2000ದಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಎರಡೇ ವರ್ಷದಲ್ಲಿ ಜಪಾನಿನವರು ಅದರಿಂದ ಜಠರದ ಶಸ್ತ್ರಚಿಕಿತ್ಸೆ ಮಾಡಿದ ವರದಿ ಬಂತು. ರೋಬೋಟ್ ಎಂದರೆ ತಾನೇ ಯೋಚಿಸಿ ಕತ್ತರಿಸುವ ಉಕ್ಕಿನ ಮನುಷ್ಯ ಎಂದು ನಾನು ಭಾವಿಸಿದ್ದೆ. ಹಾಗೇನೂ ಅಲ್ಲ, ಅದು ಸೂತ್ರದ ಗೊಂಬೆ. ಸೂತ್ರಧಾರ ಅದೇ ಕೋಣೆಯ ಮೂಲೆಯಲ್ಲಿ, ರೋಗಿಯಿಂದ ನಾಲ್ಕು ಮಾರು ದೂರದಲ್ಲಿ, ಮೇಜಿನಂಥದೊಂದಕ್ಕೆ ಕಣ್ಣಿಟ್ಟು ಕುಳಿತಿರುತ್ತಾನೆ. ಒಳಗಿನದೆಲ್ಲ ಅವನಿಗೆ ಆಳ ಅಗಲಗಳೊಡನೆ ಹಿಗ್ಗಿ ಕಾಣುತ್ತದೆ. ಅವನ ಬೆರಳು ಆಡಿದಂತೆ ಒಳಗೆ ಪುಟ್ಟ ಮಣಿಕಟ್ಟು ಆಡುತ್ತದೆ. ಬಲಕ್ಕೆಂದರೆ ಬಲಕ್ಕೇ ಹೋಗುತ್ತದೆ. ಅವನ ಕೈಯ ನಡುಕವನ್ನು ಯಂತ್ರ ಸೋಸಿಬಿಡುತ್ತದೆ. ಕೊರತೆಯೆಂದರೆ, ಬಹಳ ಕಾಲ ಆ ಕೈಗೆ ಸ್ಪರ್ಶವಿರಲಿಲ್ಲ. ಎಷ್ಟು ಬಲವಾಗಿ ಎಳೆಯುತ್ತಿದ್ದೇನೆಂಬುದನ್ನು ಕಣ್ಣಿನಿಂದಲೇ ಊಹಿಸಬೇಕಾಗಿತ್ತು. 2024ರಲ್ಲಿ ಅನುಮತಿ ಪಡೆದ ಹೊಸ ಮಾದರಿಯಲ್ಲಿ ಅದನ್ನೂ ಒಂದಿಷ್ಟು ತಿಳಿಸುವ ಏರ್ಪಾಡು ಮಾಡಿದ್ದಾರೆ.

ಹಾಗಾದರೆ ಯಾವುದು ಮೇಲು? ಹಳೆಗನ್ನಡ ಕಾವ್ಯದ ಪಾಠಾಂತರಗಳನ್ನು ಹೋಲಿಸುವವನಂತೆ ನಾನು ವರದಿಗಳನ್ನು ಹರಡಿಕೊಂಡು ಕುಳಿತೆ. ಕೊರಿಯಾದ ಹಲವು ಆಸ್ಪತ್ರೆಗಳು ಸೇರಿ 434 ರೋಗಿಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಚಿಕಿತ್ಸೆಯ ನಂತರದ ತೊಂದರೆಗಳು ರೋಬೋಟಿನಲ್ಲಿ ನೂರಕ್ಕೆ 11.9, ಲ್ಯಾಪರೋಸ್ಕೋಪಿನಲ್ಲಿ 10.3, ಇದನ್ನು ವ್ಯತ್ಯಾಸವೆನ್ನುವಂತಿಲ್ಲ. ಹಿಡಿದ ಸಮಯ ಮಾತ್ರ 221 ನಿಮಿಷಕ್ಕೆ 178. ಖರ್ಚು 13,432 ಡಾಲರಿಗೆ 8,090. ಇದನ್ನು ಓದಿದ ರಾತ್ರಿ ಲ್ಯಾಪರೋಸ್ಕೋಪೇ ಸಾಕೆನ್ನಿಸಿತು. ಮಾರನೆಯ ರಾತ್ರಿ, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ಮಾಡಿದ 2021ರ ಎರಡು ಪರೀಕ್ಷೆಗಳು ಸಿಕ್ಕಿದವು. ಜಪಾನಿನದರಲ್ಲಿ, ಅವರು ಮುಖ್ಯವಾಗಿ ಅಳೆಯಹೊರಟಿದ್ದ ಹೊಟ್ಟೆಯೊಳಗಿನ ಸೋಂಕು ಎರಡರಲ್ಲೂ ಹೆಚ್ಚುಕಡಮೆ ಒಂದೇ. ಆದರೆ ಒಟ್ಟು ತೊಂದರೆಗಳು ಲ್ಯಾಪರೋಸ್ಕೋಪಿನಲ್ಲಿ 19.7, ರೋಬೋಟಿನಲ್ಲಿ 8.8. ಚೀನಾದವರದರಲ್ಲಿ 17.6ಕ್ಕೆ 9.2. ಆ ರಾತ್ರಿ ಪಕ್ಷ ಬದಲಾಯಿತು. ರೋಬೋಟಿಲ್ಲದೆ ಸರಿಯಿಲ್ಲ ಎನ್ನಿಸಿತು. ಆದರೆ ಆ ಪರೀಕ್ಷೆ ಮಾಡಿದವರೆಲ್ಲ ಎರಡರಲ್ಲೂ ಕೈ ಪಳಗಿದವರು ಎಂಬ ಸಣ್ಣ ಮಾತಿನ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ.

ಐದನೆಯ ದಿನ ಭಾವನವರನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋದೆ. ಕಾಗದಗಳನ್ನು ಬಿಡಿಸಿ ಅಂಕಿಗಳನ್ನು ಒಪ್ಪಿಸಲಾರಂಭಿಸಿದೆ. ವೈದ್ಯರು ಸಹನೆಯಿಂದ ಕೇಳಿದರು. ನಡುವೆ ಭಾವನವರು, “ಡಾ ವಿಂಚಿ ಅಂದೆಯಲ್ಲ, ಮೊನಾಲಿಸಾ ಬರೆದವನ ಹೆಸರೇ?” ಎಂದು ಕೇಳಿದರು. ಹೌದೆಂದೆ. ಅವರು ವೈದ್ಯರ ಕೈಗಳನ್ನು ಒಮ್ಮೆ ನೋಡಿ, “ಸ್ವಾಮಿ, ನಾನು ಡ್ರಾಯಿಂಗ್ ಮೇಷ್ಟರು. ಒಂದೇ ಒಂದು ಪ್ರಶ್ನೆ. ಇವೆರಡರಲ್ಲಿ ನಿಮ್ಮ ಕೈಗೆ ಹೆಚ್ಚು ಅಭ್ಯಾಸ ಯಾವುದು?” ಎಂದರು.

ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಲ್ಯಾಪರೋಸ್ಕೋಪಿನಲ್ಲಿ ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ರೋಬೋಟ್ ನಮ್ಮಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಅದರಲ್ಲೂ ಧೈರ್ಯವಾಗಿ ಮಾಡುತ್ತೇನೆ. ಆದರೆ ನೀವು ಅಭ್ಯಾಸ ಯಾವುದು ಎಂದು ಕೇಳಿದಿರಿ” ಎಂದರು.

“ಹಾಗಾದರೆ ಹಳೆಯ ಕುಂಚವೇ ಇರಲಿ” ಎಂದು ಭಾವನವರು ಎದ್ದರು. “ಹೊಸ ಕುಂಚ ಒಳ್ಳೆಯದೇ. ಆದರೆ ಪರೀಕ್ಷೆಯ ದಿನ ಕೈಗೆ ಒಗ್ಗಿದ್ದನ್ನೇ ಹಿಡೀಬೇಕು ಅಂತ ನಾನೇ ಹುಡುಗರಿಗೆ ಹೇಳಿಕೊಡುತ್ತಿದ್ದೆ.”

ನಾನು ಬಿಡಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರೊಡನೆ ವಾದಕ್ಕಿಳಿದೆ. ದುಡ್ಡಿನ ಮುಖ ನೋಡಬೇಡಿ, ನಾನು ಸಾಲ ತರುತ್ತೇನೆ ಎಂದೆ. ನನ್ನ ದನಿ ಏರಿತ್ತೆಂದು ಕಾಣುತ್ತದೆ, ನಾಲ್ಕು ಜನ ತಿರುಗಿ ನೋಡಿದರು. ಭಾವನವರು ನನ್ನ ಮುಖವನ್ನೇ ನೋಡುತ್ತ, “ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ನಿನಗೆ ಸಮಾಧಾನವಾಗುತ್ತದೇನಯ್ಯ?” ಎಂದರು. ಕೋಪದಿಂದಲ್ಲ, ಹುಡುಗನ ಚಿತ್ರದಲ್ಲಿ ತಪ್ಪಿದ ಗೆರೆಯನ್ನು ತೋರಿಸುವ ಮೇಷ್ಟರ ದನಿಯಲ್ಲಿ. ನನ್ನ ಬಾಯಿ ಕಟ್ಟಿತು. ನಾಲ್ಕು ರಾತ್ರಿ ನಾನು ಯಂತ್ರದ ವಿಚಾರ ಓದಿದ್ದು ಯಂತ್ರಕ್ಕಾಗಿ ಅಲ್ಲ. ಕಳೆದುಹೋದ ಆರು ತಿಂಗಳಿಗೆ ಏನಾದರೂ ಬೆಲೆ ಕಟ್ಟಿ ತೀರಿಸಿಬಿಡಬೇಕಾಗಿತ್ತು, ಅದಕ್ಕಾಗಿ. ತೂತಿನ ಮೂಲಕ ಮಾಡಬೇಕೋ ತೋಳಿನ ಮೂಲಕ ಮಾಡಬೇಕೋ ಎಂಬ ಪ್ರಶ್ನೆಗೆ ಎರಡು ಒಳ್ಳೆಯ ಉತ್ತರಗಳಿದ್ದವು. ದೀಪಾವಳಿಯಿಂದ ಮೇ ತಿಂಗಳವರೆಗೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ ನನ್ನಲ್ಲಿ ಒಂದೂ ಇರಲಿಲ್ಲ.

ಜೂನ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹೊರಗೆ ಬೆಂಚಿನ ಮೇಲೆ ಅಕ್ಕನೂ ನಾನೂ ನಾಲ್ಕು ಗಂಟೆ ಕುಳಿತಿದ್ದೆವು. ಅಕ್ಕ ನನ್ನನ್ನು ಒಂದು ಮಾತೂ ಆಡಿಕೊಳ್ಳಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು. ವೈದ್ಯರು ಬಂದು ಎಲ್ಲ ಸರಾಗವಾಯಿತೆಂದರು. ಮಾರನೆಯ ದಿನವೇ ಭಾವನವರನ್ನು ಎಬ್ಬಿಸಿ ನಡೆಸಿದರು. ಎಂಟನೆಯ ದಿನ ಮನೆಗೆ ಬಂದರು. ಹೊಟ್ಟೆಯ ಮೇಲೆ ಐದು ಪುಟ್ಟ ಗುರುತುಗಳು, ಅವುಗಳಲ್ಲಿ ಒಂದು ಮಾತ್ರ ಕೊಂಚ ಉದ್ದ. ತೆಗೆದ ಭಾಗ ಹೊರಗೆ ಬಂದದ್ದು ಅದರಿಂದ.

ಹತ್ತು ದಿನಗಳ ಮೇಲೆ ಪ್ರಯೋಗಾಲಯದ ವರದಿ ಬಂತು. ತೆಗೆದ ಗ್ರಂಥಿಗಳು 32. ರೋಗದ ಸ್ಥಿತಿಯನ್ನು ಸರಿಯಾಗಿ ನಿರ್ಣಯಿಸಲು ಕಡಮೆಯೆಂದರೆ 16ನ್ನಾದರೂ ಪರೀಕ್ಷಿಸಬೇಕೆಂಬುದು ನಿಯಮವಾದ್ದರಿಂದ, ಆ ಕೈ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು. ಅವುಗಳಲ್ಲಿ ಎರಡರಲ್ಲಿ ರೋಗವಿತ್ತು. ಎರಡು! ದೀಪಾವಳಿಯ ಹೊತ್ತಿಗೆ ಅವೆರಡರಲ್ಲಿ ಇತ್ತೋ ಇಲ್ಲವೋ, ಯಾರು ಹೇಳಬಲ್ಲರು? ವೈದ್ಯರನ್ನು ಕೇಳಿದೆ. “ಹಾಗೆಲ್ಲ ಲೆಕ್ಕ ಹಾಕಲಾಗುವುದಿಲ್ಲ” ಎಂದರು. ಸುಳ್ಳು ಸಮಾಧಾನ ಹೇಳಲಿಲ್ಲ, ಆಪಾದನೆಯನ್ನೂ ಮಾಡಲಿಲ್ಲ. ಆ ಎರಡರ ದೆಸೆಯಿಂದ ಆರು ತಿಂಗಳು ಕೀಮೋ ಆಯಿತು. ಕೈಬೆರಳುಗಳು ಜೋಮು ಹಿಡಿದು, ಭಾವನವರಿಗೆ ಪೆನ್ಸಿಲು ಹಿಡಿಯುವುದೂ ಕಷ್ಟವಾಗಿತ್ತು. ಈಗ ಬಹಳಮಟ್ಟಿಗೆ ಸರಿಹೋಗಿದೆ.

ಯಂತ್ರದ ಚರ್ಚೆಯಲ್ಲಿ ನಮಗೆ ಯಾರಿಗೂ ಹೊಳೆಯದಿದ್ದದ್ದು ಮುಂದಿನ ಬಾಳು. ಕಾಲು ಪಾಲು ಹೊಟ್ಟೆಯಿರುವವರು ದಿನಕ್ಕೆ ಮೂರು ಸಲ ಉಣ್ಣುವಂತಿಲ್ಲ. ಆರು ಸಲ, ಸ್ವಲ್ಪಸ್ವಲ್ಪವಾಗಿ, ಅಗಿದು ಅಗಿದು ತಿನ್ನಬೇಕು. ಊಟದ ಜೊತೆಗೆ ನೀರು ಕುಡಿಯಬಾರದು, ಬಿಟ್ಟು ಕುಡಿಯಬೇಕು. ಸಿಹಿ ಹೆಚ್ಚಾದರೆ ಅದು ತಡೆಯಿಲ್ಲದೆ ಕರುಳಿಗೆ ಇಳಿದುಬಿಡುತ್ತದೆ. ಎದೆ ಡವಗುಟ್ಟಿ, ಬೆವರು ಕಿತ್ತು, ಮಲಗುವಂತಾಗುತ್ತದೆ. ಬಿ12 ಜೀವಸತ್ವದ ಕಡೆಗೂ ಕಣ್ಣಿಟ್ಟಿರಬೇಕು. ಈ ಕಟ್ಟುಪಾಡು ರೋಬೋಟಿನಿಂದ ಮಾಡಿದರೂ ಒಂದೇ, ಲ್ಯಾಪರೋಸ್ಕೋಪಿನಿಂದ ಮಾಡಿದರೂ ಒಂದೇ. ಅಕ್ಕನ ಅಡಿಗೆಮನೆಯಲ್ಲಿ ಆರು ಪುಟ್ಟ ಬಟ್ಟಲುಗಳು ಬಂದಿವೆ. ಈ ಚಿಕಿತ್ಸೆಯಲ್ಲಿ ವೈದ್ಯರ ಕೈ ದುಡಿದದ್ದು ನಾಲ್ಕು ಗಂಟೆ. ಅಕ್ಕನ ಕೈ ಇನ್ನೂ ದುಡಿಯುತ್ತಲೇ ಇದೆ.

2025ರ ಯುಗಾದಿಗೆ ಮತ್ತೆ ತಿಪಟೂರಿಗೆ ಹೋಗಿದ್ದೆ. ಅಳಿಯನೂ ಬಂದಿದ್ದ. ನನಗೆ ಭಾವನವರ ಪಕ್ಕದ ಎಲೆ ಸಿಕ್ಕಿತು. ಅವರ ಎಲೆಗೆ ಅಕ್ಕ ಹೋಳಿಗೆಯ ಕಾಲು ಭಾಗವನ್ನು ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟಳು. ಅದೇ ಮುಖ, ಅದೇ ಅರಳು ಕಣ್ಣು! ಅದನ್ನು ಅವರು ಎಂಟು ಚೂರು ಮಾಡಿ ಒಂದೊಂದನ್ನೇ ತಿನ್ನುತ್ತಿದ್ದರು. ಎಲ್ಲರೂ ಏಳುವವರೆಗೂ ಕಾದಿದ್ದು, ಇಬ್ಬರೇ ಉಳಿದಾಗ, ಹದಿನಾರು ತಿಂಗಳಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿದೆ: “ಭಾವ, ಆ ದೀಪಾವಳಿಯಲ್ಲಿ ನಾನು ತಮಾಷೆ ಮಾಡಬಾರದಾಗಿತ್ತು. ಅಕ್ಕ ಹೇಳಿದಾಗಲೇ ಕರೆದುಕೊಂಡು ಹೋಗಬೇಕಾಗಿತ್ತು. ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು.”

ಅವರು ಕೊನೆಯ ಚೂರನ್ನು ನಿಧಾನವಾಗಿ ಅಗಿದು ನುಂಗಿದರು. “ಅಷ್ಟನ್ನೂ ಒಂದೇ ಸಲಕ್ಕೆ ಹಾಕಿದರೆ ಈಗ ಈ ಹೊಟ್ಟೆ ಹಿಡಿಸೋಲ್ಲ ಕಣಯ್ಯ” ಎಂದರು. “ಡಾಕ್ಟರು ಹೇಳಿದ್ದಾರಲ್ಲ, ಸ್ವಲ್ಪಸ್ವಲ್ಪವಾಗಿ ಅಂತ. ನೀನು ಆಗಾಗ್ಗೆ ಬರುತ್ತಿರು.”

ಅಂದಿನಿಂದ ತಿಂಗಳಿಗೊಮ್ಮೆಯಾದರೂ ತಿಪಟೂರಿಗೆ ಹೋಗಿಬರುತ್ತೇನೆ. ಮೌಲ್ಯಮಾಪನ ಕಾಯುತ್ತದೆ.